ತಾರಸಿಯ ಮೇಲೆ ಇನ್ನೂರ ನಲವತ್ತು ಗಿಡ

ಹನ್ನೆರಡು ಬಿಳಿ ಪೈಪು, ಒಂದೊಂದರಲ್ಲೂ ಇಪ್ಪತ್ತು ತೂತು. ಇನ್ನೂರು ಲೀಟರಿನ ನೀಲಿ ಡ್ರಮ್ಮು, ಅದರೊಳಗೆ ಮುಷ್ಟಿಯಷ್ಟು ಪಂಪು. ಗಿಡದ ಊಟಕ್ಕೆ ಎರಡು ಬಾಟಲಿ, ನೀರಿಗೆ ಹುಳಿ ಸೇರಿಸಲು ಒಂದು ಚಿಕ್ಕ ಆಸಿಡ್ ಬಾಟಲಿ, ಆ ಹುಳಿ ಅಳೆಯಲು ಪೆನ್ನಿನಂಥ ಮೀಟರು. ಇಷ್ಟಕ್ಕೆ ಸೊಸೆ ತೆತ್ತದ್ದು ತವರಿನ ಎರಡು ಬಳೆ, ಗಂಡನ ಹಳೆಯ ಸ್ಕೂಟರು ಮತ್ತು ಎಂಟು ತಿಂಗಳ ಬೆಳಗಿನ ನಿದ್ದೆ. ಮೈದುನ ತೆತ್ತದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾರಸಿಯ ಅದೇ ಮೂಲೆಯಲ್ಲಿ ಮೊದಲು ಅವನ ಪಾರಿವಾಳದ ಗೂಡಿತ್ತು.

ಈ ಲೆಕ್ಕವನ್ನು ಶನಿವಾರ ಬೆಳಿಗ್ಗೆ ಮೀಟರಮ್ಮನ ಮುಂದೆ ಬಿಡಿಸಿಟ್ಟವರು ಮೂರನೇ ಮಹಡಿಯ ಆಸ್ಪತ್ರೆಯಮ್ಮ. ಆ ಸೊಸೆಗೆ ಅತ್ತೆ, ಆ ಮೈದುನನಿಗೆ ತಾಯಿ. ಆಪರೇಷನ್ ಕೋಣೆಯ ಕತ್ತರಿ, ಚಿಮಟಗಳನ್ನು ತೊಳೆದು ಒಣಗಿಸಿಡುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ್ದರಿಂದ ಅವರಿಗೆ ಆ ಹೆಸರು. ಮೀಟರಮ್ಮನ ಹೆಸರಿಗೂ ಅಂಥದೇ ಕಾರಣ. ಮೂವತ್ತೊಂದು ವರ್ಷ ಮನೆಮನೆ ಸುತ್ತಿ ನೀರಿನ ಮೀಟರು ಓದಿ ನಿವೃತ್ತರಾದವರು ಅವರು. ಆ ಕಟ್ಟಡದಲ್ಲಿ ಏನೇ ಕಳೆದರೂ ಕೆಟ್ಟರೂ ಜನ ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ. ನೆಲಮಹಡಿಯ ದರ್ಜಿ ಆರು ವರ್ಷಗಳಿಂದ ಅವರ ಬೆನ್ನಿಗೆ ನಿಂತು ನೋಡಿದ್ದ. ಅವರು ನೋಡುವುದನ್ನೆಲ್ಲ ತಾನೂ ನೋಡುತ್ತಿದ್ದರೂ ತನಗೇಕೆ ಹೊಳೆಯುವುದಿಲ್ಲ ಎಂಬುದು ಅವನ ತೀರದ ಅಚ್ಚರಿ.

ಆಸ್ಪತ್ರೆಯಮ್ಮ ಹೇಳಿದ್ದಿಷ್ಟು. ತಾರಸಿಯ ಗಿಡಗಳೆಲ್ಲ ನಾಲ್ಕೇ ದಿನದಲ್ಲಿ ಬಾಡಿ ತಲೆ ಬಾಗಿವೆ. ಮೈದುನ ಡ್ರಮ್ಮಿಗೆ ಸುಣ್ಣ ಸುರಿದಿದ್ದಾನೆ ಎಂದು ಸೊಸೆಯ ದೂರು. ಗೋಡೆಗೆ ಬಣ್ಣ ಬಳಿಯುವುದೇ ಅವನ ಕಸುಬು. ಈ ವಾರವಿಡೀ ತಾರಸಿಯ ಮೋಟುಗೋಡೆಗೆ ಸುಣ್ಣ ಹೊಡೆಯುತ್ತಿದ್ದವನೂ ಅವನೇ.

"ನಾಳೆ ಸಂಜೆಯೊಳಗೆ ಮನೆ ಬಿಡು ಅಂದಿದ್ದಾಳೆ ಅಕ್ಕಾ. ಇವನೂ ರೋಷಕ್ಕೆ ಬಿದ್ದು ಪೆಟ್ಟಿಗೆ ಕಟ್ಟಿದ್ದಾನೆ. ದೊಡ್ಡವನು ಲಾರಿ ಹತ್ತಿ ಹೋದ್ರೆ ಹದಿನೈದು ದಿನ ಬರಲ್ಲ, ಇವರಿಬ್ಬರ ಮಧ್ಯೆ ನಿಲ್ಲೋರು ಯಾರು? ಚಿಕ್ಕವನು ಹೋದ ಅಂದ್ರೆ ತಿರುಗಿ ಬರೋ ಪೈಕಿ ಅಲ್ಲ. ಅವನು ಮಾಡಿಲ್ಲ ಅಂತ ನನ್ನ ಹೊಟ್ಟೆಗೆ ಗೊತ್ತು. ಆದ್ರೆ ಹೊಟ್ಟೆ ಬಂದು ಸಾಕ್ಷಿ ಹೇಳಲ್ವಲ್ಲ."

ಇಷ್ಟು ಹೇಳುವಷ್ಟರಲ್ಲಿ ಅವರು ಚಹಾ ಕುಡಿದ ಮೂರೂ ಲೋಟ ತೊಳೆದು, ಒರೆಸಿ, ಬಟ್ಟೆಯ ಮೇಲೆ ಬೋರಲು ಹಾಕಿಯಾಗಿತ್ತು. ಆಮೇಲೆ ದರ್ಜಿಯ ಕಿಸೆಯಿಂದ ಇಣುಕುತ್ತಿದ್ದ ಕತ್ತರಿಯನ್ನೂ ಬಿಡಲಿಲ್ಲ. ಕೇಳದೆಯೇ ಎಳೆದುಕೊಂಡು ತಿಕ್ಕಿ, ಥಳಥಳ ಮಾಡಿ ವಾಪಸು ಕೊಟ್ಟರು. ತೇವ ಉಳಿದರೆ ತುಕ್ಕು ಹಿಡಿಯುತ್ತದೆ ಎಂದು ಬುದ್ಧಿಯನ್ನೂ ಹೇಳಿದರು. ದರ್ಜಿಗೆ ನಾಚಿಕೆಯಾಯಿತು. ಮೀಟರಮ್ಮ ಅದನ್ನೇ ನೋಡುತ್ತಿದ್ದರು.

ದರ್ಜಿ ಮೀಟರಮ್ಮನ ಹಿಂದೆಯೇ ತಾರಸಿ ಹತ್ತಿದ. ಹದಿನೈದು ದಿನದ ಹಿಂದೆ ಅವನು ನೋಡಿದಾಗ ಮಣ್ಣಿಲ್ಲದ ಆ ತೋಟ ಹಸಿರು ಹೊಲಿಗೆಯ ಸಾಲಿನಂತಿತ್ತು. ನೀರು ಪೈಪುಗಳ ಇಳಿಜಾರಿನಲ್ಲಿ ಸಣ್ಣಗೆ ಹರಿದು, ಬೇರುಗಳನ್ನು ನೆನೆಸಿ, ಮತ್ತೆ ಡ್ರಮ್ಮಿಗೆ ಬೀಳುತ್ತಿತ್ತು. ಈಗ ಲೆಟಿಸ್ಸೂ ಪಾಲಕ್ಕೂ ಹಿಂಡಿದ ಬಟ್ಟೆಯಂತೆ ಜೋತುಬಿದ್ದಿದ್ದವು. ಮೀಟರಮ್ಮ ಒಂದು ಗಿಡ ಎತ್ತಿದರು. ಬಿಳಿ ದಾರದಂತಿರಬೇಕಾದ ಬೇರು ಚಹಾ ಬಣ್ಣಕ್ಕೆ ತಿರುಗಿತ್ತು.

ಡ್ರಮ್ಮಿನಿಂದ ಮೂರೇ ಹೆಜ್ಜೆಗೆ, ಮುಚ್ಚಳವಿಲ್ಲದ ಸುಣ್ಣದ ಬಕೆಟ್ಟು ಕೂತಿತ್ತು.

ಸೊಸೆ ತನ್ನ ನೋಟುಬುಕ್ಕು ತೆರೆದು ತೋರಿಸಿದಳು. ಎಂಟು ತಿಂಗಳಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ನೀರಿನ ಹುಳಿ ಆರರ ಆಸುಪಾಸಿನಲ್ಲಿರಬೇಕು; ಸಂಖ್ಯೆ ಇಳಿದರೆ ಹುಳಿ ಹೆಚ್ಚು, ಸುಣ್ಣ ಬಿದ್ದರೆ ಸಂಖ್ಯೆ ಏರುತ್ತದೆ. ಸೋಮವಾರ ಮುಂಜಾನೆಯವರೆಗೂ 5.8, 5.9. ಅವತ್ತು ಅವಳು ಬೀಜ ತರಲು ಪೇಟೆಗೆ ಹೋಗಿದ್ದಳು. ಮಂಗಳವಾರ 7.4. ಅಲ್ಲಿಂದ ಮುಂದೆ ದಿನವೂ 7.3, 7.4.

"ದಿನಾ ಬೆಳಿಗ್ಗೆ ಆಸಿಡ್ ಹಾಕಿ ಸರಿಮಾಡ್ತೀನಿ, ಜಗ್ಗಲ್ಲ. ಮತ್ತೆ ಹಾಕ್ತೀನಿ. ಮಾರನೇ ದಿನ ನೋಡಿದ್ರೆ ಅಷ್ಟೇ. ನಾನು ಹಾಕೋದು, ಅವನು ಕೆಡಿಸೋದು."

"ಈ ಬಾಟಲಿ ಮೊದಲು ಎಷ್ಟು ದಿನ ಬರ್ತಿತ್ತಮ್ಮಾ?"

"ನಾಲ್ಕು ತಿಂಗಳು."

"ಈಗ?"

"ನಾಲ್ಕು ದಿನ," ಎಂದಳು ಸೊಸೆ.

ಮೀಟರಮ್ಮ ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ತಳದ ಗೀರು ಕೂಡ ಕಾಣುವಷ್ಟು ತಿಳಿನೀರು. ಮೂಲೆಯ ಪೆಟ್ಟಿಗೆಯಿಂದ ಹುಳಿ ಅಳೆಯುವ ಪೆನ್ನು ತೆಗೆಸಿದರು. ಮಡಿಕೆ ಹಾಕಿದ ಬಿಳಿ ಬಟ್ಟೆಯಲ್ಲಿ ಅದು ಹೊಸ ಚಮಚದಂತೆ ಹೊಳೆಯುತ್ತಿತ್ತು. ಆ ಮನೆಯಲ್ಲಿ ಹೊಳೆಯದ ವಸ್ತು ಯಾವುದಿದೆ ಎಂದುಕೊಂಡ ದರ್ಜಿ.

ಇಳಿದು ಬರುವಾಗ ಆಸ್ಪತ್ರೆಯಮ್ಮನ ಅಡುಗೆಮನೆಗೂ ಹೋದರು. ಕಿಟಕಿಯಲ್ಲಿ ಗಾಜಿನ ಜಾಡಿ, ಅದರಲ್ಲಿ ಒಂದು ಲೆಟಿಸ್ ಗಿಡ, ಮುಖ ಅರಳಿಸಿಕೊಂಡು ನಿಂತಿತ್ತು. ಹತ್ತು ದಿನದ ಹಿಂದೆ ಅಂದಕ್ಕೆಂದು ಸೊಸೆಯೇ ತಾರಸಿಯಿಂದ ತಂದಿಟ್ಟದ್ದು. ಬೀಜ ಅದೇ, ನೀರೂ ಅವತ್ತು ಡ್ರಮ್ಮಿನಿಂದ ತುಂಬಿದ್ದೇ.

ಮೈದುನ ಬಾಗಿಲ ಪಕ್ಕ ಕಟ್ಟಿದ ಪೆಟ್ಟಿಗೆಯ ಮೇಲೆ ಕೂತಿದ್ದ. ಅವನ ಹತ್ತಿರ ಮೀಟರಮ್ಮ ಕೇಳಿದ್ದು ಒಂದೇ ಮಾತು. ಸುಣ್ಣ ಕಲಸಿಟ್ಟರೆ ತಿಳಿಯಾಗಲು ಎಷ್ಟು ಹೊತ್ತು ಬೇಕು?

"ಸ್ವಲ್ಪ ಹೊತ್ತಿಗೇ ತಳ ಹಿಡಿಯುತ್ತೆ, ಮೊಸರಿನ ಹಾಗೆ. ಅದಕ್ಕೇ ಕಲಕ್ತಾ ಇರ್ಬೇಕು," ಎಂದ. ಆಮೇಲೆ ತಲೆ ತಗ್ಗಿಸಿ, "ಅತ್ತಿಗೆ ಮೇಲೆ ಸಿಟ್ಟಿತ್ತು, ಸುಳ್ಳು ಹೇಳಲ್ಲ. ಆದ್ರೆ ಆ ಪೈಪು ಗೋಡೆಗೆ ಕೂರಿಸಿಕೊಟ್ಟೋನು ನಾನೇ ಅಲ್ವಾ," ಎಂದ.

ಮಧ್ಯಾಹ್ನ ಮೀಟರಮ್ಮ ದರ್ಜಿಯನ್ನು ಅಲಂಕಾರದ ಮೀನು ಮಾರುವ ಅಂಗಡಿಗೆ ಕರೆದೊಯ್ದರು. ನೀರಿನ ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಕಾಗದದ ಪಟ್ಟಿ ಕೊಂಡರು. ಅಂಗಡಿಯವನ ಬಳಿಯೂ ಅಂಥದೇ ಪೆನ್ನಿತ್ತು. ಅದರ ಮುಚ್ಚಳದ ಸುತ್ತ ಬಿಳಿ ಉಪ್ಪು ಕಟ್ಟಿ, ನೋಡಲು ಹೇವರಿಕೆ ಬರುವಂತಿತ್ತು. ಹೊರಗೆ ಬಂದ ಮೇಲೆ ದರ್ಜಿ, ಆಸ್ಪತ್ರೆಯಮ್ಮನ ಮನೆಯವರನ್ನು ನೋಡಿ ಈತ ಚೊಕ್ಕಟ ಕಲಿಯಬೇಕು ಎಂದು ನಕ್ಕ. ಮೀಟರಮ್ಮ ನಡೆಯುವುದನ್ನು ನಿಲ್ಲಿಸಿ ಅವನ ಬೆನ್ನು ತಟ್ಟಿದರು. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಸಂಜೆ ಐದಕ್ಕೆ ಎಲ್ಲರೂ ತಾರಸಿಯಲ್ಲಿ ಸೇರಿದರು. ಸೊಸೆ ಡ್ರಮ್ಮಿನ ಪಕ್ಕ, ಮೈದುನ ಮೆಟ್ಟಿಲ ಬಾಯಲ್ಲಿ, ನಡುವೆ ಸ್ಟೂಲಿನ ಮೇಲೆ ಆಸ್ಪತ್ರೆಯಮ್ಮ.

ಮೀಟರಮ್ಮ ಸುಣ್ಣದಿಂದಲೇ ಶುರುಮಾಡಿದರು. ನಾಲ್ಕು ದಿನ ಡ್ರಮ್ಮಿಗೆ ಸುಣ್ಣ ಬಿದ್ದಿದ್ದರೆ ತಳದಲ್ಲಿ ಬಿಳಿ ಕೆಸರು ಕೂತಿರಬೇಕಿತ್ತು, ಪಂಪಿನ ಬಾಯಿ ಕಟ್ಟಿರಬೇಕಿತ್ತು. ತಳ ಕನ್ನಡಿಯ ಹಾಗಿದೆ, ಪಂಪು ಓಡುತ್ತಿದೆ. ಕಿಟಕಿಯ ಗಿಡ ಚೆನ್ನಾಗಿರುವುದರಿಂದ ಬೀಜದ್ದೂ ತಪ್ಪಿಲ್ಲ, ಊಟದ್ದೂ ತಪ್ಪಿಲ್ಲ. ಕೆಟ್ಟದ್ದು ಈ ಡ್ರಮ್ಮಿನ ನೀರು, ಅದೂ ಸೋಮವಾರದ ನಂತರ. ಹೀಗೆಂದು ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ ಎತ್ತಿದರು. ಸುಣ್ಣದ ನೀರಾದರೆ ಅದು ನೀಲಿಯಾಗಬೇಕು. ಪಟ್ಟಿ ಕಿತ್ತಳೆಯಾಯಿತು. ಡಬ್ಬಿಯ ಮೇಲಿನ ಬಣ್ಣದ ಪಕ್ಕ ಹಿಡಿದರೆ ಮೂರೂವರೆ.

"ಸುಣ್ಣ ಅಲ್ಲಮ್ಮಾ, ಹುಳಿ. ಬೇರು ಸುಡೋಷ್ಟು ಹುಳಿ. ಇದಕ್ಕೆ ಹುಳಿ ಸುರಿದೋರು ಒಬ್ಬರೇ."

ಸೊಸೆ ನೋಟುಬುಕ್ಕಿನ ಹಾಳೆ ಮುಂದೆ ಹಿಡಿದಳು. "ಮೀಟರು 7.3 ಅಂತ ತೋರಿಸ್ತಿತ್ತು. ಅದಕ್ಕೇ ಹಾಕ್ದೆ."

ಮೀಟರಮ್ಮ ಸೆರಗಿನಿಂದ ಒಂದು ನಿಂಬೆಹಣ್ಣು ತೆಗೆದು ಲೋಟಕ್ಕೆ ಹಿಂಡಿದರು. ಪೆನ್ನು ಅದ್ದಿದರು. 7.2. ಕುಡಿಯುವ ನೀರಿಗೆ ಅದ್ದಿದರು. 7.3.

"ಮೂವತ್ತೊಂದು ವರ್ಷ ನಾನು ಕಲಿತದ್ದು ಇದೊಂದೇ. ಓಡೋ ಮೀಟರಿನ ಮೇಲೆ ಜನಕ್ಕೆ ಅನುಮಾನ, ನಿಂತ ಮೀಟರಿನ ಮೇಲೆ ಯಾರಿಗೂ ಇಲ್ಲ. ಇದಕ್ಕೆ ಕಣ್ಣು ಹೋಗಿದೆ. ಎಲ್ಲಿಟ್ಟರೂ ಒಂದೇ ಮಾತು ಹೇಳುತ್ತೆ."

ಪೆನ್ನಿನ ತುದಿಯಲ್ಲಿ ತೆಳ್ಳನೆಯ ಗಾಜಿನ ಗುಳ್ಳೆಯಿರುತ್ತದೆ, ಅದು ಸದಾ ಮುಚ್ಚಳದ ಉಪ್ಪುನೀರಿನಲ್ಲಿ ಮುಳುಗಿರಬೇಕು ಎಂದು, ದರ್ಜಿ ಮೀನು ನೋಡುತ್ತ ನಿಂತಿದ್ದಾಗ, ಅಂಗಡಿಯವನು ಹೇಳಿದ್ದನಂತೆ. ಅಲ್ಲಿನ ಮುಚ್ಚಳದ ಉಪ್ಪು ಕೊಳಕಲ್ಲ, ಪೆನ್ನು ಬದುಕಿದೆ ಎಂಬ ಗುರುತು. ಬಿಸಿನೀರಿನಲ್ಲಿ ತೊಳೆದು ಒಣಗಿಸಿದರೆ ಸತ್ತೇಹೋಗುತ್ತದೆ. ದರ್ಜಿ ತನ್ನ ಕಿಸೆಯ ಕತ್ತರಿಯನ್ನು ಮುಟ್ಟಿ ನೋಡಿಕೊಂಡ. ಬೆನ್ನು ತಟ್ಟಿದ್ದು ಯಾಕೆಂದು ಆಗ ತಿಳಿಯಿತು.

ಮೀಟರಮ್ಮ ಯಾರ ಹೆಸರನ್ನೂ ಎತ್ತಲಿಲ್ಲ. ಬಿಳಿ ಬಟ್ಟೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮತ್ತೆ ಮಡಚುತ್ತ, "ಈ ತಪ್ಪು ಮಾಡ್ಬೇಕಾದ್ರೆ ಮೂವತ್ತು ವರ್ಷ ಒಳ್ಳೆ ಕೆಲಸ ಮಾಡಿರ್ಬೇಕು," ಎಂದರು.

ಆಸ್ಪತ್ರೆಯಮ್ಮ ಆ ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡರು. "ಸೋಮವಾರ ಬಟ್ಟೆ ಒಣಗಿಸೋಕೆ ಬಂದಿದ್ದೆ. ಮುಚ್ಚಳದಲ್ಲಿ ನೀರು ನಿಂತು ಉಪ್ಪು ಕಟ್ಟಿತ್ತು. ಇವಳು ಒಬ್ಬಳೇ ಎಷ್ಟು ಅಂತ ಮಾಡ್ತಾಳೆ ಅಂತ ಬಿಸಿನೀರಲ್ಲಿ ತೊಳೆದು ಒಣಗಿಸಿಟ್ಟೆ. ಹೇಳ್ಕೊಳ್ಳೋ ಅಂಥದ್ದೇನಲ್ಲ ಅಂತ ಸುಮ್ಮನಿದ್ದೆ."

ಸೊಸೆ ಅತ್ತೆಯ ಹತ್ತಿರ ಹೋಗಿ ಕೂತಳು. ಮುಚ್ಚಳ ಒಣಗಿದ್ದನ್ನು ಮಂಗಳವಾರವೇ ಕಂಡಿದ್ದಳಂತೆ. ಬಿಸಿಲಿಗೆ ಆರಿತೆಂದು ಮತ್ತೆ ಉಪ್ಪುನೀರು ತುಂಬಿಸಿದ್ದಳಂತೆ. ತನ್ನ ಪಾಲೂ ಇದರಲ್ಲಿದೆ ಎಂದಳು. ಆಮೇಲೆ ಮೆಟ್ಟಿಲ ಕಡೆ ತಿರುಗಿದಳು.

"ಪೆಟ್ಟಿಗೆ ಬಿಚ್ಚು."

"ಬಿಚ್ತೀನಿ ಅತ್ತಿಗೆ. ಪಾರಿವಾಳಗಳಿಗೂ ಒಂದು ಮಾತು ಹೇಳಿದ್ರೆ ಅವೂ ವಾಪಸ್ ಬರ್ತಾವೆ."

"ಆ ಕಡೆ ಮೂಲೆ ತಗೋ. ಒಂದು ಪುಕ್ಕ ನನ್ನ ಡ್ರಮ್ಮಿಗೆ ಬಿದ್ರೆ ನೋಡು."

ಅಂದೇ ಹಳೆಯ ನೀರು ಚೆಲ್ಲಿ, ಪೈಪು ತೊಳೆದು, ಪಟ್ಟಿಯಲ್ಲಿ ಅಳೆದು ಹೊಸ ನೀರು ಬಿಟ್ಟರು. ಇನ್ನೂರ ನಲವತ್ತು ಗಿಡಗಳಲ್ಲಿ ಎಪ್ಪತ್ತೊಂದು ಚಿಗುರಿದವು, ಉಳಿದವು ಹೋದವು. ಪೆನ್ನು ಹೋಯಿತು, ಹೊಸದನ್ನು ತಂದವರು ಆಸ್ಪತ್ರೆಯಮ್ಮ, ಅದರ ಮುಚ್ಚಳಕ್ಕೆ ದಿನವೂ ಉಪ್ಪುನೀರು ತುಂಬುವವರೂ ಅವರೇ. ಮೈದುನ ಮನೆಯಲ್ಲೇ ಉಳಿದ.