ಚಾರ್ಜಿಂಗ್ ಸ್ಟೇಷನ್ನಿನ ಮಾಲಕಿ

"ಏನ್ರಿ ಸಾಹೇಬ್ರ, ಇದು ನಿಮ್ಮ ಬಿಲ್ಡಿಂಗಿನ ಪಾರ್ಕಿಂಗ್ ಅಂತ ತಿಳಿದೀರೇನು?"

ದಾನೇಶ್ವರಿ ಆ ಹೊಸ ಎಲೆಕ್ಟ್ರಿಕ್ ಕಾರಿನ ಕೇಬಲ್ ಕಿತ್ತೇಬಿಟ್ಟಳು!

"ಅರೆ! ಅರ್ಧ ಚಾರ್ಜ್ ಸಹ ಆಗ್ಲಿಲ್ಲ ಮಾರಾಯ್ರೆ..."

"ಮೂರು ಆಟೋ ಕಾಯಾಕತ್ತಾವ. ಅವರಿಗೆ ದುಡಿಮಿ ಅದ. ನಿಮಗೇನದ? ತಿರುಗಾಟ!"

"ನಾನು ತಿರುಗ್ಲಿಕ್ಕೆ ಬಂದವನಲ್ಲ. ಪರೇಲ್‌ನ ಹೂಡಿಕೆ ಕಂಪನಿಯಿಂದ... ನಿಮ್ಮ ಅರ್ಜಿ ನೋಡ್ಲಿಕ್ಕೆ ಬಂದದ್ದು."

ದುಡ್ಡು ಹೂಡಿ ಎಂದು ಆ ಕಂಪನಿಗೆ ಅರ್ಜಿ ಹಾಕಿದ್ದವಳು ದಾನೇಶ್ವರಿಯೇ. ಆದರೂ ಕೇಬಲ್ಲನ್ನು ಆಟೋಗೇ ಚುಚ್ಚಿದಳು, ಛಲಗಾತಿ!

ಜೋಗೇಶ್ವರಿ ಬಡಾವಣೆಯ ಆ ಬಾಡಿಗೆ ಶೆಡ್ಡಿನಲ್ಲಿ ಇದ್ದದ್ದು ನಾಲ್ಕೇ ಚಾರ್ಜಿಂಗ್ ಪಾಯಿಂಟ್. ಆಟೋ ಓಡಿಸುವ ಅಪ್ಪ ಅಣವೀರಪ್ಪ ಅವಳ ಮದುವೆಗೆಂದು ಮಾಡಿಸಿದ್ದ ಬಂಗಾರವನ್ನು ಅವಳೇ ಮಾರಿ ಹಾಕಿಸಿದ್ದು. ಇನ್ನೂ ಹತ್ತು ಹಾಕದಿದ್ದರೆ ಬಾಡಿಗೆಯೂ ಗಿಟ್ಟುವುದಿಲ್ಲ, ಶೆಡ್ಡು ಕೈಬಿಡುತ್ತದೆ. ಅದಕ್ಕೆ ಹೂಡಿಕೆ ಬೇಕು.

"ಬಂಗಾರ ಕಳಕೊಂಡ ಹುಡುಗೀನ ಯಾರು ಮಾಡ್ಕೋತಾರವ್ವಾ?" ಎಂದು ಸೋದರತ್ತೆ ಗುರುಬಾಯಿ ದಿನಾ ಚುಚ್ಚುತ್ತಿದ್ದಳು.

"ಯಾರೂ ಬ್ಯಾಡ ಬಿಡು!" ಎನ್ನುತ್ತಿದ್ದಳು ದಾನೇಶ್ವರಿ.

ಬೇಡ ಎಂದವಳ ಮನಸ್ಸೇ ಜಾರಿತು ನೋಡಿ! ಆ ಕಾರಿನವನು ಸೃಜನ್. ಸಾಂತಾಕ್ರೂಜ್‌ನಲ್ಲಿ ಹೋಟೆಲ್ ನಡೆಸುವ ಉಡುಪಿಯವರ ಮಗ. ಎರಡು ತಿಂಗಳು ಲೆಕ್ಕ ನೋಡಲು ಬಂದ, ಲೆಕ್ಕ ಮುಗಿದ ಮೇಲೂ ಚಹಾ ಕುಡಿಯಲು ಬಂದ. ಅವನು ಬಾರದ ದಿನ ಅವಳಿಗೆ ಯಾರ ಮೇಲೂ ರೇಗಲು ಮನಸ್ಸಾಗುತ್ತಿರಲಿಲ್ಲ.

ಆಮೇಲೆ ಒಂದು ವಾರ ಅವನ ಸುಳಿವೇ ಇಲ್ಲ. ಫೋನೂ ಇಲ್ಲ!

ಪರೇಲ್ ಆಫೀಸಿನಿಂದ ಕರೆ ಬಂದಾಗ ಅವಳೊಬ್ಬಳೇ ಹೋದಳು. ಸೃಜನ್‌ನ ಮೇಲಧಿಕಾರಿ ಮೇಡಂ ವಿನೋದಿನಿ ಫೈಲ್ ತಿರುವುತ್ತಾ ಹೇಳಿದರು, "ಸೃಜನ್ ಈ ಫೈಲ್ ಬಿಟ್ಟಿದ್ದಾರೆ. ಇನ್ನು ನಾನೇ ನೋಡ್ತೇನೆ."

ಬಿಟ್ಟಿದ್ದಾನಾ?! ನನ್ನ ಶೆಡ್ಡು ನಾಚಿಕೆ ತಂತೇ ಅವನಿಗೆ? ಅಥವಾ ನಾನೇ...? ಕಣ್ಣು ತುಂಬಿ ಬಂತು. ಅಳಲಿಲ್ಲ ಅವಳು.

"ಜಾಗ ಪೂರ್ತಿ ನಮಗೆ ಕೊಡಿ," ಎಂದರು ವಿನೋದಿನಿ. "ನಿಮಗೆ ಮ್ಯಾನೇಜರ್ ಕೆಲಸ, ಒಳ್ಳೇ ಪಗಾರ."

"ಪಗಾರಕ್ಕ ಇರೂದಿದ್ರ ಬಂಗಾರ ಯಾಕ ಮಾರತಿದ್ದೆ ಮೇಡಂ? ಪಾಲುದಾರಳ್ನ ಮಾಡ್ಕೋರಿ, ಇಲ್ಲಾಂದ್ರ ಫೈಲ್ ಕೊಡ್ರಿ. ಆಟೋದವರು ನನ್ನ ನಂಬಿ ಬರತಾರ, ನಿಮ್ಮ ಬೋರ್ಡ್ ನೋಡಿ ಅಲ್ಲ!"

ಎದ್ದೇ ನಿಂತಳು. ಫೈಲಿಗೆ ಕೈ ಚಾಚಿದಳು.

ವಿನೋದಿನಿ ಅವಳನ್ನೇ ದಿಟ್ಟಿಸಿದರು. "ಕೂತ್ಕೊಳ್ಳಿ. ಅರ್ಧ-ಅರ್ಧ. ನಡೆಸುವವರು ನೀವೇ."

ಗೆದ್ದಳು! ಆದರೆ ಆ ಖುಷಿ ಹೇಳಿಕೊಳ್ಳಬೇಕಾದವನೇ ಇಲ್ಲವಲ್ಲ...

ಇದ್ದ! ಲಿಫ್ಟಿನ ಮುಂದೆ ಕಾಯುತ್ತಿದ್ದ.

"ದಾನೇಶ್ವರಿ..."

"ದಾರಿ ಬಿಟ್ಟು ಸರೀರಿ! ಫೈಲ್ ಬಿಟ್ಟು ಓಡಿಹೋದವರ ಕೂಡ ನನಗೇನು ಮಾತದ?"

"ಓಡಿದ್ದಲ್ಲ. ನಮ್ಮವರ ಫೈಲ್ ನಾವೇ ನೋಡ್ಲಿಕ್ಕಿಲ್ಲ, ಆಫೀಸಿನ ರೂಲ್. ಕಾರಣ ಬರೆದು ಕೊಡ್ಬೇಕು. ಬರೆದುಕೊಟ್ಟೆ."

"ಏನಂತ?"

ಸೃಜನ್ ನೆಲ ನೋಡಿದ. "ಅರ್ಜಿ ಹಾಕಿದವರನ್ನು ಮದುವೆ ಆಗ್ಬೇಕು ಅಂತಿದ್ದೇನೆ... ಅಂತ."

ಲಿಫ್ಟ್ ಬಂತು, ಹೋಯಿತು.

"ಏನು?! ಇಡೀ ಆಫೀಸಿಗೆ ಗೊತ್ತದ, ನನಗ ಗೊತ್ತಿಲ್ಲ! ಮೊದಲ ನನ್ನ ಕೇಳಬೇಕಂತ ಅನಿಸಲಿಲ್ಲೇನು?"

"ಅನಿಸಿತ್ತು. ಆದ್ರೆ ಫೈಲ್ ಬಾಕಿ ಇರುವಾಗ ಕೇಳಿದ್ರೆ, ಬೇಡ ಅನ್ಲಿಕ್ಕೆ ನೀವು ಹೆದರ್ತಿದ್ರಿ. ಅದಕ್ಕೇ ಫೋನೂ ಮಾಡ್ಲಿಲ್ಲ. ಹೆದರಿ ಹೂಂ ಅನ್ನೋ ದಾನೇಶ್ವರಿ ನನಗೆ ಬೇಡ."

ಅಲ್ಲಿಯವರೆಗೂ ತಡೆದಿದ್ದ ಅಳು ಈಗ ಕಿತ್ತುಕೊಂಡು ಬಂತು. ಒಂದು ವಾರ ಎಷ್ಟು ಬೈದಿದ್ದಳು ಅವನನ್ನು!

"ಫೈಲ್ ಮುಗಿಯಿತು ಅಂತ ಮೇಡಂ ಹೇಳಿದ್ರು. ಈಗ ಕೇಳ್ಬಹುದಾ?"

"ಕೇಳ್ರಿ. ಆದ್ರ ಬಂಗಾರ ಇಲ್ಲ. ಲಗ್ನದ ಮರುದಿನಾನ ಶೆಡ್ಡಿಗೆ ಹೋಗ್ತೀನಿ. ಅಡ್ಡಿ ಅಂದ್ರ ಈಗ ಹೇಳ್ರಿ."

"ಅಡ್ಡಿ ಎಂಥದ್ದು? ನನ್ನನ್ನು ಮದುವೆ ಆಗ್ತೀರಾ?"

"ಬ್ಯಾಡ ಅಂದ್ರ?"

"ಆದ್ರೂ ಹೊಸ ಚಾರ್ಜಿಂಗ್ ಪಾಯಿಂಟ್ ಹತ್ತನ್ನೂ ನಡೆಸುವುದು ನೀವೇ. ನಾನು ಮನೆಗೆ ಹೋಗಿ ಅಳ್ತೇನೆ."

ದಾನೇಶ್ವರಿ ಕಣ್ಣೊರೆಸಿಕೊಂಡು ಮೊದಲ ಸಲ ಅವನ ಕೈ ಹಿಡಿದಳು.

"ಅಳಬ್ಯಾಡ್ರಿ," ಎಂದಳು. "ನಾ ಹೆದರಿ ಹೂಂ ಅನ್ನಾಕತ್ತಿಲ್ಲ."