ಕತ್ತರಿಸಿ ಕೊಟ್ಟ ನೋಟ

"ಮೆಟ್ಟಿಲು ಹತ್ತೋ ಸದ್ದು ಅದೇ," ಎಂದಿತು ಮೇಲಿನಿಂದ ಒಂದು ದನಿ. "ಆಗ ಎರಡೆರಡು ಹಾರ್ಕೊಂಡು ಬರ್ತಿದ್ರಿ. ಈಗ ಮಧ್ಯೆ ಮಧ್ಯೆ ಇಂಟರ್‌ವಲ್ ಬಿಡ್ತಿದ್ದೀರಿ."

ಪ್ರೆಸಿಡೆಂಟಮ್ಮ ಕಂಬಿ ಹಿಡಿದು ನಿಂತಳು. ತಲೆಯೆತ್ತಿದರೆ ಹಳೇ ಟಾಕೀಸಿನ ಪ್ರೊಜೆಕ್ಟರ್ ಕೋಣೆಯ ಬಾಗಿಲಲ್ಲಿ ಆಪರೇಟರ್. ತಲೆ ಪೂರ್ತಿ ಬೆಳ್ಳಗಾಗಿತ್ತು. ನಗು ಮಾತ್ರ ಹಳೆಯದು, ತುಟಿಗಿಂತ ಮೊದಲು ಕಣ್ಣಿಗೆ ಬರುವಂಥದ್ದು. ಆ ನಗು ತನಗಿನ್ನೂ ನೆನಪಿದೆಯೆಂದು ಅವಳಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ.

"ಗುರುತು ಸಿಕ್ತಾ ಆಪರೇಟರ್ರೇ?"

"ಊರಿಗೆಲ್ಲ ಕನ್ನಡಕ ಹಾಕ್ಸೋರು ನೀವು. ನನಗೆ ಕನ್ನಡಕ ಇಲ್ದೇನೇ ಕಾಣ್ತೀರಿ."

ಕನ್ನಡಕದ ಅಂಗಡಿ ಅವಳದು ನಿಜ. ಆದರೆ ಪ್ರೆಸಿಡೆಂಟಮ್ಮ ಎಂಬ ಹೆಸರು ಅಂಟಿದ್ದು ಸಿನಿಮಾದಿಂದ. ಈಗ ಗೋಡೆಗೋಡೆಯ ಮೇಲೂ ಇರುವ ಆ ದೊಡ್ಡ ಸ್ಟಾರ್‌ನ ಮೊಟ್ಟಮೊದಲ ಚಿತ್ರ ಈ ಟಾಕೀಸಿನಲ್ಲಿ ಒಂದೇ ವಾರ ಓಡಿ ಮಣ್ಣು ಮುಕ್ಕಿತ್ತು. ಪ್ರತಿ ಆಟಕ್ಕೂ ತಪ್ಪದೆ ಬಂದು ಕೂತವಳು ಇವಳೊಬ್ಬಳೇ. ಮುಂದೆ ಅವನ ಅದೃಷ್ಟ ತೆರೆದು, ಅಭಿಮಾನಿಗಳು ಸಂಘ ಕಟ್ಟಿದಾಗ, "ಮೊದಲ ಅಭಿಮಾನಿ ಇವರೇ" ಎಂದು ಅವಳನ್ನು ಅಧ್ಯಕ್ಷೆ ಮಾಡಿ ಕೂರಿಸಿದರು.

ಆ ಮೊದಲ ಚಿತ್ರ ಮಾತ್ರ ಎಲ್ಲೂ ಉಳಿದಿರಲಿಲ್ಲ. ನಿರ್ಮಾಪಕರ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಹೋಯಿತು ಎನ್ನುತ್ತಿದ್ದರು. ಸಂಘದವರು ನಂಬಬೇಕಲ್ಲ! ಗುಜರಿ ಅಂಗಡಿ, ಮುಚ್ಚಿದ ಟಾಕೀಸು, ಯಾರ್ಯಾರದೋ ಅಟ್ಟ, ಎಲ್ಲವನ್ನೂ ಜಾಲಾಡಿದರು. ಒಂದು ಸಲ ರೀಲಿನ ಡಬ್ಬ ಸಿಕ್ಕಿತೆಂದು ಬಸ್ಸು ಮಾಡಿಕೊಂಡು ಹೋಗಿ ಮುಚ್ಚಳ ತೆಗೆದರೆ, ಒಳಗೆ ಯಾವುದೋ ಅಜ್ಜಿಯ ಹಳೇ ಬಟನ್ನುಗಳು. ಸೆಕ್ರೆಟರಿ ಅಲ್ಲೇ ಕೂತು ಅತ್ತಿದ್ದ.

ಕೊನೆಗೆ ಅದು ಸಿಕ್ಕಿದ್ದು ಕಾಲ ಬುಡದಲ್ಲೇ. ಈ ಟಾಕೀಸನ್ನು ಗೋದಾಮು ಮಾಡಲು ಸಾಮಾನು ತೆಗೆಸುವಾಗ, ಪರದೆಯ ಹಿಂದೆ ಡಬ್ಬಗಳು ಕಂಡವು. ಸೋತ ಚಿತ್ರವನ್ನು ವಾಪಸ್ ಒಯ್ಯಲು ಆಗ ಯಾರೂ ಬಂದೇ ಇರಲಿಲ್ಲ. ಆ ವಾರ ಮುಗಿಯುತ್ತಲೇ ಬೇರೆ ಊರಿಗೆ ಹೋಗಿಬಿಟ್ಟಿದ್ದ ಆಪರೇಟರ್‌ನನ್ನು ಸೆಕ್ರೆಟರಿ ಹೇಗೋ ಪತ್ತೆಹಚ್ಚಿ ಕರೆಸಿದ್ದ. ನಾಳೆ ಎಲ್ಲರಿಗೂ ಪ್ರದರ್ಶನ. ಇವತ್ತು ಒಂದು ಸಲ ಓಡಿಸಿ ನೋಡುವುದಷ್ಟೇ.

"ಕೆಳಗೆ ಹೋಗಿ ಸೀಟಲ್ಲಿ ಕೂತ್ಕೊಳ್ಳಿ. ಇಲ್ಲಿ ಸೆಕೆ."

"ಇಲ್ಲೇ ನಿಲ್ತೀನಿ."

ಅವನು ಒಮ್ಮೆ ಅವಳ ಮುಖ ನೋಡಿ ಪಕ್ಕಕ್ಕೆ ಸರಿದ. ಗೋಡೆಯ ಆ ಸಣ್ಣ ಕಿಂಡಿಯಲ್ಲಿ ಇಬ್ಬರೂ ನೋಡಬೇಕೆಂದರೆ ಭುಜಕ್ಕೆ ಭುಜ ತಾಗಲೇಬೇಕು. ತಾಗಿತು. ಇಬ್ಬರೂ ಗಮನಿಸದವರಂತೆ ನಿಂತರು.

ಯಂತ್ರ ಟರಟರ ಎಂದಿತು. ಪರದೆಯ ಮೇಲೊಂದು ರಸ್ತೆ, ರಸ್ತೆಯ ತುದಿಯಲ್ಲಿ ಚುಕ್ಕಿಯಷ್ಟು ಒಬ್ಬ ಮನುಷ್ಯ. ಬರುತ್ತಿದ್ದಾನೆ. ಹತ್ತಿರ, ಇನ್ನೂ ಹತ್ತಿರ. ಇನ್ನೇನು ಮುಖ ಕಾಣಬೇಕು, ಟಕ್! ನಾಯಕಿ ಕಿಟಕಿಯಲ್ಲಿ ನಗುತ್ತಿದ್ದಾಳೆ.

ಮುಂದಿನ ದೃಶ್ಯದಲ್ಲೂ ಹಾಗೇ. ಅವನ ಬೆನ್ನಿದೆ, ತೋಳಿದೆ. ಮುಖ ತಿರುಗುವಷ್ಟರಲ್ಲಿ ಟಕ್.

"ಅವನೆಲ್ಲಿ ಆಪರೇಟರ್ರೇ? ಯಾವನೋ ಹಾಳಾದವನು ಕತ್ತರಿ ಹಾಕಿದ್ದಾನಲ್ರೀ!"

"ಹಾಳಾದವನು ಇಲ್ಲೇ ನಿಂತಿದ್ದಾನೆ," ಎಂದ ಅವನು ಮೆಲ್ಲಗೆ.

ಅವಳಿಗೆ ಒಮ್ಮೆಲೇ ಎಲ್ಲ ನೆನಪಾಯಿತು. ಆಟ ಮುಗಿದದ್ದೇ ತಡ ಮೆಟ್ಟಿಲು ಹಾರಿ ಬಂದು, "ಒಂದೇ ಒಂದು ತುಂಡು ಕೊಡ್ರೀ, ಅವನಿರೋದು," ಎಂದು ಗೋಗರೆಯುತ್ತಿದ್ದ ಹುಡುಗಿ. ಮೊದಲ ದಿನ ಬೆರಳುದ್ದ ಕೊಟ್ಟಿದ್ದ. ಆಮೇಲೆ ಗೇಣುದ್ದ. ವಾರ ಮುಗಿಯುವಷ್ಟರಲ್ಲಿ ಮಾರುಗಟ್ಟಲೆ. ಖಾಲಿ ಹಾಲಿನಲ್ಲಿ ಅದನ್ನು ಕೇಳುವವರೂ ಇರಲಿಲ್ಲ. ಮನೆಗೆ ಒಯ್ದು ತಾನೇ ಅವನ್ನು ಒಂದೊಂದೇ ಚಿತ್ರವಾಗಿ ಕತ್ತರಿಸಿಟ್ಟಿದ್ದಳು. ಸಂಘ ಕಟ್ಟಿದಾಗ ಹೊಸ ಸದಸ್ಯರಿಗೆಲ್ಲ ಒಂದೊಂದು ಹಂಚಿದ್ದಳು. ಊರೂರು ಸುತ್ತಿ ಹುಡುಕಿದ ಹೀರೋ ಇಷ್ಟು ದಿನವೂ ಅವರ ಪರ್ಸುಗಳಲ್ಲೇ ಚೂರುಚೂರಾಗಿ ಇದ್ದ.

"ನಾನು ಕೇಳಿದ್ದು ಒಂದೇ ತುಂಡು ಅಲ್ವಾ? ಅಷ್ಟುದ್ದ ಯಾಕ್ರೀ ಕತ್ತರಿಸಿದ್ರಿ?"

"ಚಿಕ್ಕದು ಕೊಟ್ರೆ ಕಣ್ಣಾಡಿಸಿ ಓಡಿಬಿಡ್ತಿದ್ರಿ." ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಯಂತ್ರದ ಕಡೆಗೆ ನೋಡಿದ. "ಉದ್ದ ಇದ್ರೆ ಈ ಬಲ್ಬ್ ಕೆಳಗೆ ನಿಂತು ಪೂರ್ತಿ ನೋಡ್ತಿದ್ರಿ. ಅಷ್ಟೊತ್ತು ನಾನು ನಿಮ್ಮನ್ನ ನೋಡ್ಬಹುದಿತ್ತು."

ಅವಳು ಕಿಂಡಿಯ ಕಡೆಗೆ ತಿರುಗಿಕೊಂಡಳು.

ಪರದೆಯ ಮೇಲೆ ನಾಯಕಿ ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆಯುತ್ತಿದ್ದಳು. ಏನೋ ಗುನುಗುತ್ತ, ಬೆನ್ನು ತಿರುಗಿಸಿಕೊಂಡು. ಟಕ್. ತಂತಿ ಬರಿದಾಗಿತ್ತು.

"ಇದರ ಮಧ್ಯದ್ದೇ ಕೊನೇ ದಿನ ಕೊಟ್ಟಿದ್ದು," ಎಂದಳು ಅವಳು. "ಬಿಳೀ ಕಾಗದದಲ್ಲಿ ಸುತ್ತಿ. ಅವನು ಹಿಂದೆ ನಿಂತು ಅವಳನ್ನೇ ನೋಡ್ತಿರ್ತಾನೆ."

"ಹೂಂ. ಬಾಯಲ್ಲಿ ಹೇಳೋಕೆ ನನಗೆಲ್ಲಿ ಬರ್ತಿತ್ತು? ಅದನ್ನ ನೋಡಿದ್ರೆ ನಿಮಗೇ ತಿಳಿಯುತ್ತೆ ಅಂದ್ಕೊಂಡೆ."

"ನಾನು ಅವನ ಕಣ್ಣು ನೋಡ್ತಾ ಕೂತೆ."

"ಗೊತ್ತು ಬಿಡಿ. ಥ್ಯಾಂಕ್ಸ್ ಅಂದು ಇಳಿದು ಹೋದ್ರಿ. ನಾನು ಟ್ರಂಕ್ ಕಟ್ಟಿದೆ."

"ಬಂದ ಗಂಡುಗಳಿಗೆಲ್ಲ ಅವನಂಥ ಕಣ್ಣಿಲ್ಲ ಅಂತ ಬೇಡ ಅಂದೆ, ಗೊತ್ತಾ? ಅಮ್ಮ ಬೈದೂ ಬೈದೂ ಸುಸ್ತಾದ್ಲು."

"ಅವನ ಕಣ್ಣು ಹಾಗೇ ಬಿಡಿ. ನನಗೂ ಹೊಟ್ಟೆಕಿಚ್ಚಾಗ್ತಿತ್ತು."

ಇಬ್ಬರೂ ನಕ್ಕರು. ಅವಳ ನಗು ಅರ್ಧಕ್ಕೇ ನಿಂತಿತು.

"ಮೊದಲ ದಿನಾನೇ ನನಗೆ ತಿಳಿದಿದ್ರೆ?"

"ಪಿಕ್ಚರ್ ಉಳೀತಿತ್ತು," ಎಂದ ಅವನು. ತಮಾಷೆಯಂತೆಯೇ ಹೇಳಿದ. ಆದರೆ ಅವಳ ಕಡೆಗೆ ತಿರುಗಲಿಲ್ಲ.

ಆಗ ಅವನ ಫೋನು ಬಡಿದುಕೊಂಡಿತು. ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸುವಂತಿತ್ತು. "ಊಟ ಆಯ್ತಾ? ಮಾತ್ರೆ ತಗೊಂಡ್ರಾ, ಇಲ್ಲಾ ಆ ಮಿಷನ್ ಮುಂದೆ ಎಲ್ಲಾ ಮರೆತ್ರಾ?"

"ತಗೊಂಡೆ ಮಾರಾಯ್ತಿ. ನಾಳೆ ಮೊದಲ ಬಸ್ಸಿಗೇ ಬಾ. ಕಿಟಕಿ ಪಕ್ಕ ಕೂತ್ಕೋ, ಇಲ್ದಿದ್ರೆ ವಾಂತಿ ಮಾಡ್ಕೋತೀಯ."

ಆ ಮಾತಿನಲ್ಲಿದ್ದ ಮೆದುತನವನ್ನು ಪ್ರೆಸಿಡೆಂಟಮ್ಮ ಕೇಳಿಸಿಕೊಂಡಳು. ಬಾಯಿಮಾತಿನದಲ್ಲ, ವರ್ಷಗಟ್ಟಲೆ ಜೊತೆಗೆ ಬಾಳಿ ಬಂದದ್ದು. ಹೊಟ್ಟೆಕಿಚ್ಚಾಗಲಿಲ್ಲ. ಒಂದು ಕಾಲದಲ್ಲಿ ಆ ಜಾಗ ತನಗೆ ಕೈಗೆಟಕುವ ದೂರದಲ್ಲಿ ಖಾಲಿ ಇತ್ತಲ್ಲ ಎಂದುಕೊಂಡಳು, ಅಷ್ಟೆ.

"ಒಳ್ಳೆಯವಳು," ಎಂದ ಅವನು ಫೋನಿಟ್ಟು.

"ಕೇಳಿದ್ರೇ ಗೊತ್ತಾಗುತ್ತೆ. ನಾಳೆ ನನ್ನ ಪಕ್ಕ ಕೂರಿಸಿ."

"ಜನಕ್ಕೆ ನಾನೇ ಹೇಳ್ತೀನಿ, ಕತ್ತರಿಸಿದವನು ನಾನು ಅಂತ."

"ಸುಮ್ನಿರಿ. ಕೇಳಿದವಳು ನಾನು, ಹಂಚಿದವಳೂ ನಾನೇ. ನನ್ನ ಸಂಘ, ನಾನು ನೋಡ್ಕೋತೀನಿ."

ಮರುದಿನ ತುಂಬಿದ ಹಾಲಿನ ಮುಂದೆ ನಿಂತು ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಆಪರೇಟರ್ ಅಷ್ಟುದ್ದ ಯಾಕೆ ಕತ್ತರಿಸಿದ ಎಂಬುದೊಂದನ್ನು ಬಿಟ್ಟು. ಸೆಕ್ರೆಟರಿ ತಲೆಯ ಮೇಲೆ ಕೈಹೊತ್ತು ಕೂತ. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಪರವಾಗಿಲ್ಲ ಪ್ರೆಸಿಡೆಂಟಮ್ಮಾ, ಅವನು ನಮಗೆ ಬಾಯಿಪಾಠ!" ದೀಪ ಆರಿತು. ರಸ್ತೆಯ ತುದಿಯಲ್ಲಿ ಚುಕ್ಕಿ ಮೂಡಿದ್ದಕ್ಕೇ ಶಿಳ್ಳೆ ಮೊಳಗಿತು.

ಆಪರೇಟರ್‌ನ ಹೆಂಡತಿ ದುಂಡನೆಯ ಹೆಂಗಸು. ಕೂತ ಗಳಿಗೆಯಿಂದ ಅವಳ ಬಾಯಿ ಸುಮ್ಮನಿರಲಿಲ್ಲ. "ಜೀವಮಾನವೆಲ್ಲ ಪಿಕ್ಚರ್ ಓಡಿಸಿದ್ರು ಅಕ್ಕಾ, ನನ್ನ ಪಕ್ಕ ಕೂತು ಒಂದಾದ್ರೂ ನೋಡ್ಲಿಲ್ಲ ಈ ಮನುಷ್ಯ. ಅದಿರ್ಲಿ, ಹೀರೋ ಇಲ್ದೇ ನನಗೆ ಕಥೆ ಹೇಗೆ ತಿಳೀಬೇಕು?"

"ನಾನು ಹೇಳ್ತೀನಿ, ಕೇಳಿಸ್ಕೊ."

ಕತ್ತರಿಸಿದ ಜಾಗ ಬಂದಾಗಲೆಲ್ಲ ಪ್ರೆಸಿಡೆಂಟಮ್ಮ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. ಈಗ ನಗ್ತಾನೆ. ಈಗ ಕೂದಲು ಹಿಂದಕ್ಕೆ ತಳ್ಕೋತಾನೆ. ಈಗ ಏನೋ ಹೇಳೋಕೆ ಬಂದು ನುಂಗ್ಕೋತಾನೆ.

ಬಟ್ಟೆಯ ತಂತಿಯ ದೃಶ್ಯ ಬಂತು. ನಾಯಕಿ ಗುನುಗುತ್ತ ಬೆನ್ನು ತಿರುಗಿಸಿ ನಿಂತಳು.

"ಈಗ ಅಕ್ಕಾ?"

"ಅವನು ಹಿಂದೆ ನಿಂತಿದ್ದಾನೆ. ಅವಳನ್ನೇ ನೋಡ್ತಿದ್ದಾನೆ. ಎಷ್ಟೊತ್ತಿಂದ ನಿಂತಿದ್ದಾನೋ, ಪಾಪ."

"ಇವಳಿಗೆ ಗೊತ್ತಾಗಲ್ವಾ?"

"ಇಲ್ಲ."

"ಅಯ್ಯೋ ಪೆದ್ದಿ!" ಹೆಂಗಸು ನಿಜಕ್ಕೂ ನೊಂದುಕೊಂಡು ಅವಳ ಕೈಯನ್ನೇ ಗಟ್ಟಿಯಾಗಿ ಹಿಡಿದಳು. "ಒಂದ್ಸಲ ತಿರುಗಿ ನೋಡೋಕೆ ಏನಾಗಿತ್ತಕ್ಕಾ ಇವಳಿಗೆ?"

ಪ್ರೆಸಿಡೆಂಟಮ್ಮ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ನೋಡ್ಬೇಕಿತ್ತು ಕಣಮ್ಮಾ," ಎಂದಳು.