ಎರಡು ಪದರದ ಸಾಕ್ಸು

“ಬಾಲ್ ಸಿಕ್ತೇನೇ?” ಪಿ.ಟಿ. ಮೇಷ್ಟ್ರು ಹೊರಗಿನಿಂದ ಕೂಗಿದರು.

ಬಾಲ್ ಹುಡುಕಲು ಒಳಗೆ ಬಂದ ಮೆಣಸು ಅದನ್ನು ಮರೆತೇ ಬಿಟ್ಟಿದ್ದಳು. ಕೇಳುವ ಮೊದಲೇ ಉತ್ತರ ಕೊಡುವ ಹುಡುಗಿ ಅಂತಲೇ ಅಜ್ಜಿ ಅವಳಿಗೆ ಆ ಹೆಸರಿಟ್ಟಿದ್ದು. ಈಗ ನೋಡಿದರೆ ಬಾಯಿಯೇ ಕಟ್ಟಿಹೋಗಿದೆ.

ಸ್ಟೋರ್ ರೂಮಿನಲ್ಲಿ ಮುರಿದ ಬೆಂಚುಗಳ ಹಿಂದೆ ರಟ್ಟಿನ ಡಬ್ಬಗಳು ಒಂದರ ಮೇಲೊಂದು ಕೂತಿದ್ದವು. ಮೇಲಿನದಕ್ಕೆ ನೀಲಿ ಟೇಪು. ಅದರ ಮೇಲೆ ಅವಳದೇ ಅಕ್ಷರ: ‘ನಮ್ಮಪ್ಪನಿಗೆ ಮಾತ್ರ. ಬೇರೆ ಯಾರೂ ತೆಗೀಬಾರದು.’

ಎರಡು ತಿಂಗಳ ಹಿಂದೆ, ಗಡಿಯಲ್ಲಿರುವ ಸೈನಿಕರಿಗೆ ಕಳಿಸಬೇಕು ಅಂತ ಶಾಲೆಯವರೆಲ್ಲ ಸೇರಿ ತುಂಬಿಸಿದ ಡಬ್ಬಗಳು. ಹೆಡ್‌ಮಿಸ್ ಉದ್ದಕ್ಕೆ ಭಾಷಣ ಮಾಡಿದ್ದರು, ಫೋಟೋ ಪೇಪರಿನಲ್ಲೂ ಬಂದಿತ್ತು. ಅಪ್ಪನ ಹೆಬ್ಬೆರಳು ಯಾವ ಸಾಕ್ಸನ್ನೂ ಉಳಿಸುವುದಿಲ್ಲ ಅಂತ ಮೆಣಸು ಉಣ್ಣೆ ಸಾಕ್ಸಿನ ತುದಿಗೆ ಇನ್ನೊಂದು ಪದರ ಇಟ್ಟು ಹೊಲಿದಿದ್ದಳು. ಸೂಜಿ ನಾಲ್ಕು ಸಲ ಚುಚ್ಚಿತ್ತು.

ಟೇಪು ಕಿತ್ತಳು. ಬಿಸ್ಕತ್ತಿಗೆ ಇರುವೆ ಮುತ್ತಿತ್ತು. ಸಾಕ್ಸು ಮಾತ್ರ ಇಟ್ಟ ಹಾಗೇ ಇತ್ತು.

ಅಟೆಂಡರ್ ಮಾಮ ಬಾಗಿಲಲ್ಲಿ ಇಣುಕಿದ.

“ಇದು ಇನ್ನೂ ಯಾಕೆ ಇಲ್ಲೇ ಇದೆ, ಮಾಮ?”

“ಫೋಟೋ ಆದ್ಮೇಲೆ ಯಾರೂ ತಿರುಗಿ ನೋಡ್ಲಿಲ್ಲ ಪುಟ್ಟಿ. ನಾನೂ ಎರಡು ಸಲ ಕೇಳ್ದೆ. ನೋಡೋಣ ಬಿಡು ಅಂದ್ರು.”

ಮೆಣಸಿಗೆ ಮೈಯೆಲ್ಲ ಉರಿಯಿತು. ಡಬ್ಬ ಎತ್ತಿಕೊಂಡು ಸೀದಾ ಹೆಡ್‌ಮಿಸ್ ರೂಮಿಗೆ ಹೋಗಿ ಟೇಬಲ್ ಮೇಲೆ ಕುಕ್ಕಿದಳು. ಗೋಡೆಯ ಮೇಲೆ ಅದೇ ಫೋಟೋ, ಗಾಜು ಹಾಕಿಸಿದ್ದರು.

“ಅಯ್ಯೋ, ಉಳಿದುಬಿಡ್ತಾ?” ಅಂದರು ಹೆಡ್‌ಮಿಸ್. “ಮುಂದಿನ ವರ್ಷ ಕಳಿಸೋಣ. ಈಗ ಕ್ಲಾಸಿಗೆ ಹೋಗು.”

ಮುಂದಿನ ವರ್ಷವಂತೆ. ಚಳಿ ಏನು ಇವರನ್ನು ಕೇಳಿಕೊಂಡು ಬರುತ್ತದೆಯೇ? ಸಾಕ್ಸನ್ನು ಬ್ಯಾಗಿಗೆ ತುರುಕಿಕೊಂಡು ಹೊರಬಂದಳು. ಆಗ ಹೋದ ಭಾನುವಾರದ ಫೋನು ನೆನಪಾಯಿತು. ‘ಸಾಕ್ಸ್ ಬಂತಾ?’ ಅಂದದ್ದಕ್ಕೆ ಅಪ್ಪ, ‘ಬಂತು ಮಗಳೇ, ಹಾಕ್ಕೊಂಡೇ ಇದ್ದೀನಿ’ ಅಂದಿದ್ದ.

ಅಪ್ಪನೂ ಸುಳ್ಳು ಹೇಳಿದ್ದ. ಈ ಸಲ ಫೋನ್ ಬರಲಿ, ಬಿಡುವುದಿಲ್ಲ ಅಂದುಕೊಂಡಳು.

ಭಾನುವಾರ ಫೋನ್ ಬಂತು. ಆ ಕಡೆ ಗಾಳಿ ಭೋರೆನ್ನುತ್ತಿತ್ತು. ಅಪ್ಪ ಮಾತಿಗೊಂದು ಸಲ ಕೆಮ್ಮುತ್ತಿದ್ದ.

“ತುಂಬಾ ಚಳಿನಾ ಅಪ್ಪಾ?”

“ನಿನ್ ಸಾಕ್ಸ್ ಇದೆಯಲ್ಲ, ನಂಗೇನು ಚಳಿ?”

ಸಾಕ್ಸು ಅವಳ ಮಡಿಲಲ್ಲೇ ಇತ್ತು. ನಾಲಿಗೆ ತುದಿಗೆ ಬಂದಿದ್ದನ್ನು ಮೆಣಸು ನುಂಗಿಕೊಂಡಳು.

“ಹೆಬ್ಬೆರಳು ತೂತು ಮಾಡಿಲ್ಲ ತಾನೇ?”

“ಒಂದು ತೂತೂ ಇಲ್ಲ ಕಣೇ.”

ಅವಳು ಸಾಕ್ಸಿನೊಳಗೆ ಕೈ ಹಾಕಿ, ತಾನೇ ಹೊಲಿದ ತುದಿಯನ್ನು ಬೆರಳಿನಿಂದ ಒತ್ತಿ ನೋಡಿದಳು.

“ಸರಿ ಅಪ್ಪಾ,” ಅಂದಳು. “ದಿನಾ ಹಾಕ್ಕೋ.”